ಬೋರ್ಡೋ ದ್ರಾವಣಕ್ಕೆ ಕುಡುಗೋಲಿನ ಪರೀಕ್ಷೆ

ಕಾನಹೊಸಹಳ್ಳಿ, ಕೂಡ್ಲಿಗಿ ಕಡೆಯ ದಾಳಿಂಬೆ ಬೆಳೆಗಾರರಿಗೆ ಬೋರ್ಡೋ ದ್ರಾವಣ ಹೊಸದಲ್ಲ. ಕಾಯಿ ಕಿತ್ತು ಚಾಟನಿ ಮಾಡಿದ ಮೇಲೆ ದುಂಡಾಣು ಅಂಗಮಾರಿ ತಡೆಯಲು ಶೇ. 1ರ ದ್ರಾವಣ ಸಿಂಪಡಿಸುವುದು ರೂಢಿ. 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಸುಣ್ಣ ಹಳೆಯದಾಗಿ ಸತ್ವಗುಂದಿದ್ದರೆ ಈ ಅಳತೆಯೂ ಸಾಲದು. ಚಿಗುರು ಸುಟ್ಟು, ಆಳಿನ ಕೂಲಿಯೂ ಔಷಧಿಯ ಹಣವೂ ಹಾಳು. ಆದುದರಿಂದ ಸಿಂಪಡಿಸುವ ಮೊದಲು, ಹೊಳೆಯುವಂತೆ ಉಜ್ಜಿದ ಕುಡುಗೋಲಿನ ತುದಿಯನ್ನು ದ್ರಾವಣದಲ್ಲಿ ಒಂದು ನಿಮಿಷ ಅದ್ದಿ ನೋಡಬೇಕು. ಅಲಗಿಗೆ ಕೆಂಪು ಬಣ್ಣ ಕೂತರೆ ಸುಣ್ಣ ಕಡಿಮೆಯಾಗಿದೆ ಎಂದೇ ಅರ್ಥ.

ಆ ಕೆಂಪು ತುಕ್ಕಲ್ಲ, ತಾಮ್ರ. ಕಬ್ಬಿಣವು ತನ್ನ ಎಲೆಕ್ಟ್ರಾನುಗಳನ್ನು ನೀರಿನಲ್ಲಿರುವ ತಾಮ್ರದ ಅಯಾನುಗಳಿಗೆ ಕೊಟ್ಟು ತಾನು ಕರಗುತ್ತದೆ; ಅವನ್ನು ಪಡೆದ ತಾಮ್ರ ಲೋಹವಾಗಿ ಅಲಗಿಗೆ ಅಂಟುತ್ತದೆ. ಎಲೆಕ್ಟ್ರಾನು ಕೊಡುವುದು ಅಪಕರ್ಷಣಕಾರಿ, ಕಸಿಯುವುದು ಉತ್ಕರ್ಷಣಕಾರಿ.

ಯಾವುದು ಪ್ರಬಲವೆಂದು ತಿಳಿಯುವುದು ಹೇಗೆ? ಜಲಜನಕವನ್ನು ಸೊನ್ನೆಯೆಂದು ಇಟ್ಟುಕೊಂಡು ಲೋಹಗಳ ವಿಭವವನ್ನು ವೋಲ್ಟಿನಲ್ಲಿ ಅಳೆದಿದ್ದಾರೆ: ಸತು −0.76, ಕಬ್ಬಿಣ −0.44, ತಾಮ್ರ +0.34, ಬೆಳ್ಳಿ +0.80. ಅಂಕಿ ಇಳಿದಷ್ಟೂ ಲೋಹ ಕೊಡುಗೈ. ಏರಿದಷ್ಟೂ ಅದರ ಅಯಾನು ಕಸಿಯುವುದರಲ್ಲಿ ಗಟ್ಟಿ. ಕಬ್ಬಿಣಕ್ಕೂ ತಾಮ್ರಕ್ಕೂ ಅಂತರ 0.78 ವೋಲ್ಟ್. ಸತುವಿನ ಲೇಪವಿರುವ ಬಕೆಟ್ಟಾದರೆ 1.10. ಅದರಲ್ಲಿ ಮೈಲುತುತ್ತ ಕರಗಿಸಿದರೆ ಗಿಡಕ್ಕೆ ಹೋಗಬೇಕಾದ ತಾಮ್ರ ಬಕೆಟ್ಟಿಗೆ ಅಂಟುತ್ತದೆ, ಬಕೆಟ್ಟೂ ತೂತಾಗುತ್ತದೆ. ಮಣ್ಣಿನ ಇಲ್ಲವೆ ಪ್ಲಾಸ್ಟಿಕ್ ಪಾತ್ರೆಯೇ ಲೇಸು. ತಾಮ್ರದ ಹಂಡೆಗೆ ಈ ಭಯವಿಲ್ಲ. ಆದರೆ ಸ್ನಾನದ ಹಂಡೆಯನ್ನು ತೋಟಕ್ಕೆ ಒಯ್ಯಲು ಮನೆಯವರು ಬಿಟ್ಟಾರೆಯೇ?

ಅಂಕಿ ದಿಕ್ಕನ್ನು ಹೇಳುತ್ತದೆ, ವೇಗವನ್ನಲ್ಲ. ಸ್ಟೇನ್‌ಲೆಸ್ ಸ್ಟೀಲ್ ಚಾಕುವಿನ ಮೇಲೆ ಕ್ರೋಮಿಯಂ ಆಕ್ಸೈಡಿನ ತೆಳು ಪೊರೆಯಿದ್ದು ಅದು ಕಬ್ಬಿಣವನ್ನು ಕಾಯುತ್ತದೆ. ಸುಣ್ಣ ಕಡಿಮೆಯಿದ್ದರೂ ಚಾಕು ಹೊಳೆಯುತ್ತಲೇ ಇರಬಹುದು. ಎಣ್ಣೆ ಸವರಿದ ಕುಡುಗೋಲನ್ನೂ ನಂಬಬಾರದು.

ಇನ್ನೊಂದು ಮಾತು. ಪಟ್ಟಿಯ ಅಂಕಿಗಳು ನಿಗದಿತ ಸಾಂದ್ರತೆಯ ದ್ರಾವಣಕ್ಕೆ ಸೇರಿದವು. ಅಯಾನು ಕಡಿಮೆಯಾದಂತೆ ಕಸಿಯುವ ಬಲವೂ ಕುಗ್ಗುತ್ತದೆ. ಸುಣ್ಣ ಸಾಕಷ್ಟಿದ್ದಾಗ ತಾಮ್ರ ಕರಗದ ರೂಪ ತಾಳಿ, ನೀರಿನಲ್ಲಿ ಬಿಡಿ ಅಯಾನು ಅತ್ಯಲ್ಪ ಉಳಿಯುತ್ತದೆ. ಎಲೆ ಸುಡದಿರುವುದಕ್ಕೂ ಕುಡುಗೋಲು ಕೆಂಪಾಗದಿರುವುದಕ್ಕೂ ಕಾರಣ ಇದೇ.

ಕೆಂಪು ಕಂಡರೆ ಸೋಸಿದ ಸುಣ್ಣದ ನೀರನ್ನು ಸ್ವಲ್ಪ ಸ್ವಲ್ಪವೇ ಬೆರೆಸಿ, ಅಲಗನ್ನು ಮತ್ತೆ ಉಜ್ಜಿ ಅದ್ದಿ ನೋಡಬೇಕು. ಸಿದ್ಧವಾದ ದ್ರಾವಣವನ್ನು ಅಂದೇ ಸಿಂಪಡಿಸಿ ಮುಗಿಸಬೇಕು.