ಗುಜರಿಯಲ್ಲಿ ಅಡಗಿದ ವಿಕಿರಣ

ಬೆಂಕಿ ತಾಗಿದ ನೆನಪಿಲ್ಲ, ಆದರೂ ಚರ್ಮ ಕಪ್ಪಾಗಿದೆ. ಜೊತೆಗೆ ವಾಂತಿ, ಭೇದಿ. ಕೂದಲೂ ಉದುರುತ್ತಿದೆ. ಇದೆಂಥ ಕಾಯಿಲೆ ಎನ್ನುವಿರಾ?

2010ರ ಏಪ್ರಿಲ್‌ನಲ್ಲಿ ದೆಹಲಿಯ ಮಾಯಾಪುರಿ ಗುಜರಿ ಮಾರುಕಟ್ಟೆಯ ಕೆಲವರನ್ನು ಕಾಡಿದ್ದು ವಿಕಿರಣ. ದೆಹಲಿ ವಿಶ್ವವಿದ್ಯಾಲಯ ಹರಾಜಿನಲ್ಲಿ ಮಾರಿದ್ದ ಹಳೆಯ ಯಂತ್ರವೊಂದರಲ್ಲಿ ಕೋಬಾಲ್ಟ್-60 ಉಳಿದಿತ್ತು. ಗುಜರಿಯವರು ಅರಿಯದೆ ಅದನ್ನು ಬಿಚ್ಚಿದರು. ಒಬ್ಬರು ತೀರಿಕೊಂಡರು.

ಕೋಬಾಲ್ಟ್ ಸೂಸುವ ಗಾಮಾ ಕಿರಣಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಬೇಗ ಬೇಗ ವಿಭಜನೆಯಾಗುವ ಜೀವಕೋಶಗಳಿಗೆ ಅದರ ಪೆಟ್ಟು ಹೆಚ್ಚು. ಅಸ್ಥಿಮಜ್ಜೆ, ಕರುಳಿನ ಒಳಪದರ, ಕೂದಲಿನ ಬುಡ ಮೊದಲು ಸೋಲುತ್ತವೆ. ಕ್ಯಾನ್ಸರ್ ರೋಗಿಗೆ ‘ಕರೆಂಟ್ ಕೊಡುವುದು’ ಎನ್ನುತ್ತೀರಲ್ಲ, ಅಲ್ಲಿಯೂ ಇದೇ ಕಿರಣವನ್ನು ಬಳಸುವುದುಂಟು, ಆದರೆ ಅಳತೆಯಿಟ್ಟು.

ಇಂಥ ಚೂರನ್ನು ಕಬ್ಬಿಣದ ರಾಶಿಯಲ್ಲಿ ಹುಡುಕುವುದು ಹೇಗೆ? ಮಾಪಕ ಹಿಡಿದು ಮನುಷ್ಯ ಹೋದರೆ ಪ್ರತಿ ನಿಮಿಷವೂ ಅವನ ಮೈಗೆ ಕಿರಣ ಬೀಳುತ್ತದೆ. ಆದ್ದರಿಂದ ರೋಬೋಟ್. 2011ರಲ್ಲಿ ಜಪಾನಿನ ಫುಕುಶಿಮಾ ಅಣುಸ್ಥಾವರದೊಳಗೆ ವಿಕಿರಣ ಅಳೆಯಲು ಅವನ್ನೇ ಕಳಿಸಿದ್ದರು. ಆದರೆ ಒಂದೇ ರೋಬೋಟ್ ಒಂದೆಡೆ ನಿಂತರೆ ಮೋಸಹೋಗುತ್ತದೆ. ಹತ್ತಿರದ ದುರ್ಬಲ ಚೂರೂ ದೂರದ ಪ್ರಬಲ ಚೂರೂ ಮಾಪಕದಲ್ಲಿ ಒಂದೇ ಅಂಕಿ ತೋರಿಸಬಹುದು. ದೂರ ಎರಡರಷ್ಟಾದರೆ ವಿಕಿರಣ ನಾಲ್ಕನೇ ಒಂದು ಭಾಗಕ್ಕಿಳಿಯುತ್ತದೆ. ನಾಲ್ಕಾರು ರೋಬೋಟ್‌ಗಳು ಬೇರೆ ಬೇರೆ ಕಡೆ ನಿಂತು ಅಳೆದು ಲೆಕ್ಕವನ್ನು ಹೊಂದಿಸಿದರೆ ಚೂರು ಎಲ್ಲಿದೆ, ಎಷ್ಟು ಪ್ರಬಲ ಎಂಬ ಎರಡೂ ತಿಳಿಯುತ್ತವೆ. ನಡುವೆ ಗೋಡೆ, ಕಬ್ಬಿಣ ಅಡ್ಡ ಬಂದರೆ ಒಂದರ ಲೆಕ್ಕ ತಪ್ಪೀತು. ಇನ್ನೊಂದು ಬದಿಯಿಂದ ನೋಡಿದ್ದು ಅದನ್ನು ತಿದ್ದುತ್ತದೆ. ಅನುಮಾನ ಉಳಿದ ಮೂಲೆಗೆ ಮುಂದಿನದು ಹೋಗುತ್ತದೆ. ಇಂಥ ತಂಡಗಳು ಇನ್ನೂ ಹೆಚ್ಚಾಗಿ ಪ್ರಯೋಗದ ಹಂತದಲ್ಲಿವೆ.

ರೋಬೋಟ್ ಬರುವುದೂ ಯಾರಿಗಾದರೂ ಸಂಶಯ ಬಂದ ಮೇಲೆ ತಾನೆ? ಮಾಯಾಪುರಿಯಲ್ಲಿ ಆ ಸಂಶಯ ಹುಟ್ಟಿದ್ದು ರೋಗಿಯ ಮೈ ನೋಡಿ. ನಿಮ್ಮ ಮನೆಯಲ್ಲಿ ಯಾರಾದರೂ ಗುಜರಿ ಅಥವಾ ಲೋಹ ಕರಗಿಸುವ ಕೆಲಸದಲ್ಲಿದ್ದು, ಕಾರಣವಿಲ್ಲದೆ ಸುಟ್ಟಗಾಯ, ವಾಂತಿ ಕಾಣಿಸಿದರೆ ವೈದ್ಯರಿಗೆ ಕೆಲಸದ ವಿಷಯ ತಪ್ಪದೆ ಹೇಳಿ. ನಾವು ಕೇಳಲು ಮರೆಯುವುದುಂಟು.

ಹಳದಿ ಹಿನ್ನೆಲೆಯಲ್ಲಿ ಫ್ಯಾನಿನ ಮೂರು ರೆಕ್ಕೆಯಂಥ ಗುರುತಿರುವ ಡಬ್ಬಿ ಅಥವಾ ಯಂತ್ರ ಗುಜರಿಯಲ್ಲಿ ಕಂಡರೆ ಒಡೆಯಬೇಡಿ, ಮುಟ್ಟಬೇಡಿ. ಮಕ್ಕಳನ್ನು ಕರೆದುಕೊಂಡು ದೂರ ಸರಿದು ಪೊಲೀಸರಿಗೆ ತಿಳಿಸಿ.