ಮನೆಗೆಲಸಕ್ಕೆ ಅರ್ಜಿ ಬರೆಯುವ ರೀತಿ



ಪತ್ರಲೇಖನದಲ್ಲಿ ನಾವು ಸೂಟಿ ಕೇಳಿ ಮುಖ್ಯ ಗುರುಗಳಿಗೆ, ಬೀದಿ ದೀಪ ಕೇಳಿ ಪಂಚಾಯಿತಿಗೆ, ಪ್ರವಾಸಕ್ಕೆ ರೊಕ್ಕ ಕೇಳಿ ಅಪ್ಪನಿಗೆ ಬರೆದಿದ್ದೇವೆ. ಮನೆಗೆಲಸ ಕೇಳುವ ಅರ್ಜಿ ಮಾತ್ರ ನನಗೆ ಯಾವ ಪುಸ್ತಕದಲ್ಲೂ ಸಿಗಲಿಲ್ಲ. ನಮ್ಮ ಓಣಿಯ ಎಷ್ಟೋ ತಾಯಂದಿರು ಬೆಳಗಿನ ಬಸ್ಸಿಗೆ ಧಾರವಾಡಕ್ಕೆ ಹೋಗಿ ಭಾಂಡೆ ತಿಕ್ಕಿ ಬರುತ್ತಾರೆ. ತಾಸು, ಪಗಾರ ಎಲ್ಲ ಬಾಯಿಮಾತಿನಲ್ಲೇ. ನಮ್ಮ ಅವ್ವ ಮೊದಲು ಹೋಗುತ್ತಿದ್ದ ಮನೆಯಲ್ಲಿ ಎರಡು ತಾಸು ಅಂತ ಹೇಳಿ ನಾಲ್ಕು ತಾಸು ದುಡಿಸಿದರು, ಪಗಾರ ಅಷ್ಟೇ ಇತ್ತು. ಅದಕ್ಕೇ ಈ ಸಲ ಬೇರೆ ಮನೆಗೆ ಕೇಳುವಾಗ ಅವ್ವ ಹೇಳಿದಳು, ನಾನು ಬರೆದೆ. ಮಾದರಿ ಹೀಗಿದೆ. ಹೆಸರನ್ನು ಪರೀಕ್ಷೆಯಲ್ಲಿ ಬರೆಯುವಂತೆ ಅ.ಬ.ಕ. ಅಂತ ಹಾಕಿದ್ದೇನೆ.

ಇವರಿಂದ,
ಅ.ಬ.ಕ. (ಪೂರ್ಣ ವಿಳಾಸ, ದಿನಾಂಕ)

ಇವರಿಗೆ,
ಮನೆಯ ಯಜಮಾನರು, ಧಾರವಾಡ

ಮಾನ್ಯರೇ,
ವಿಷಯ: ಬೆಳಗಿನ ಹೊತ್ತು ಮನೆಗೆಲಸ ಕೇಳಿ ಅರ್ಜಿ.

ತಮ್ಮ ಮನೆಗೆ ಕೆಲಸದವರು ಬೇಕೆಂದು ತಿಳಿದು ಈ ಅರ್ಜಿ ಬರೆಸಿದ್ದೇನೆ. ಆರು ವರ್ಷದಿಂದ ಮನೆಗೆಲಸ ಮಾಡುತ್ತಿದ್ದೇನೆ. ಭಾಂಡೆ ತಿಕ್ಕುವುದು, ಕಸ ಗುಡಿಸಿ ನೆಲ ಒರೆಸುವುದು, ಜೋಳದ ರೊಟ್ಟಿ ಮಾಡುವುದು ಬರುತ್ತದೆ. ಬೆಳಿಗ್ಗೆ 8ರಿಂದ 10 ಗಂಟೆಯವರೆಗೆ ಬರುತ್ತೇನೆ. ಅರಿವಿ ಒಗೆಯುವುದಿದ್ದರೆ ಅದರ ಪಗಾರ ಬೇರೆ. ತಿಂಗಳಿಗೆ ...... ರೂಪಾಯಿಯನ್ನು 5ನೇ ತಾರೀಖಿನೊಳಗೆ ಕೊಡಬೇಕು. ತಿಂಗಳಿಗೆ ಎರಡು ದಿನ ಸೂಟಿ ಬೇಕು. ಕೆಲಸಕ್ಕೆ ನಾನೊಬ್ಬಳೇ ಬರುತ್ತೇನೆ, ಮಗಳು ಶಾಲೆಗೆ ಹೋಗುತ್ತಾಳೆ.

ತಮ್ಮ ವಿಶ್ವಾಸಿ,
(ಸಹಿ)

“ನಾನು ಬಡವಳು, ದಯಮಾಡಿ ಕೆಲಸ ಕೊಡಬೇಕು ಅಂತ ಸೇರಿಸವಾ, ಚಲೋ ಕಾಣಸ್ತದ” ಅಂತ ನಮ್ಮ ಕಾಕಾ ಹೇಳಿದ. ಅವ್ವ ಒಪ್ಪಲಿಲ್ಲ. “ದಾನ ಕೇಳಾಕ ಹೊಂಟಿಲ್ಲ, ದುಡಿಯಾಕ ಹೊಂಟೀನಿ” ಅಂದಳು. ನನಗೂ ಅದೇ ಸರಿ ಅನಿಸಿತು. ನಮ್ಮ ರಾಜ್ಯದಲ್ಲಿ 2004ರಲ್ಲೇ ಮನೆಗೆಲಸಕ್ಕೂ ಕನಿಷ್ಠ ವೇತನ ಗೊತ್ತುಮಾಡಿದ್ದಾರೆ. ಅಂದಮೇಲೆ ಪಗಾರವನ್ನು ನಾಚದೇ ಬರೆಯಬೇಕು.

ಕಡೆಯ ಸಾಲು ಯಾಕೆ ಅಂತ ಕೆಲವರು ಕೇಳಿದರು. ಹಬ್ಬ ಬಂದು ಕೆಲಸ ಹೆಚ್ಚಾದರೆ “ನಾಳೆ ಮಗಳನ್ನೂ ಕರಕೊಂಡು ಬಾ” ಅನ್ನುವವರು ಇದ್ದಾರೆ. ಒಂದು ದಿನ ಅಂತ ಹೋದ ಹುಡುಗಿಯರು ಆಮೇಲೆ ಹಾಜರಿ ಕರೆಯುವಾಗ ಸಿಗುವುದಿಲ್ಲ. 14 ವರ್ಷದೊಳಗಿನವರನ್ನು ಮನೆಗೆಲಸಕ್ಕೆ ಇಟ್ಟುಕೊಳ್ಳುವುದನ್ನು 2006ರ ಅಕ್ಟೋಬರ್ 10ರಿಂದ ನಿಷೇಧಿಸಿದ್ದಾರೆ. 2016ರಲ್ಲಿ ಕಾಯ್ದೆ ಇನ್ನೂ ಬಿಗಿಯಾಯಿತು. ನನಗೀಗ 13. ಅರ್ಜಿ ಬರೆದುಕೊಡಬಹುದು, ಅದರಲ್ಲಿ ನನ್ನ ಹೆಸರು ಹಾಕುವಂತಿಲ್ಲ.

ಅಂಚೆಗೆ ಹಾಕುವುದಾದರೆ ಕಾರ್ಡು ಬೇಡ, ದಾರಿಯಲ್ಲಿ ಯಾರು ಬೇಕಾದರೂ ಓದುತ್ತಾರೆ. ಲಕೋಟೆಯಲ್ಲಿಟ್ಟು ಆರು ಅಂಕಿಯ ಪಿನ್ ಕೋಡ್ ಬರೆಯಿರಿ. ಎರಡು ಪ್ರತಿ ಮಾಡಿ ಒಂದನ್ನು ಮನೆಯಲ್ಲೇ ಇಡಿ. ನಮ್ಮ ಪ್ರತಿ ಟ್ರಂಕಿನಲ್ಲಿ ರೇಷನ್ ಕಾರ್ಡಿನ ಜೊತೆ ಇದೆ. ಹೆಬ್ಬೆಟ್ಟು ಒತ್ತಿದರೂ ನಡೆಯುತ್ತದೆ. ಆದರೆ ಅವ್ವ ನನ್ನ ಪಾಟಿಯ ಮೇಲೆ ಮೂರು ಸಂಜೆ ತಿದ್ದಿ ಸಹಿಯನ್ನೇ ಮಾಡಿದಳು.

– ಒಬ್ಬ ವಿದ್ಯಾರ್ಥಿನಿ, 7ನೇ ಇಯತ್ತೆ