ನಮ್ಮ ನಲ್ಲಿ ನೀರು, ಕಾವೇರಿಯ ಬಿಳಿ ಮೀನು



ಸಂಘದ ಸಭೆಯಲ್ಲಿ ನೀರಿನ ಮಾತು ಬರದ ತಿಂಗಳಿಲ್ಲ. ನಲ್ಲಿ ಯಾವ ದಿನ ಬರುತ್ತೆ, ಟ್ಯಾಂಕರಿಗೆ ಎಷ್ಟು ಕೊಟ್ರಿ, ಬೋರ್‌ವೆಲ್ ಒಣಗಿತಾ ಅಂತ. ಈ ಸಲ ಅದೇ ನೀರನ್ನು ನಂಬಿರುವ ಒಂದು ಮೀನಿನ ವಿಷಯ ತಿಳಿಯೋಣ.

ಜಯನಗರ, ಜೆ.ಪಿ. ನಗರ, ಬನಶಂಕರಿಗೆ ಬರುವ ಕಾವೇರಿ ನೀರನ್ನು ಶಿವನಸಮುದ್ರದ ಹತ್ತಿರ ಹೊಳೆಯಿಂದ ತೆಗೆದು, ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಶುದ್ಧ ಮಾಡಿ, ಹಾರೋಹಳ್ಳಿ, ತಾತಗುಣಿ ಪಂಪ್‌ಹೌಸ್ ದಾಟಿಸಿ ಸುಮಾರು 100 ಕಿ.ಮೀ. ದೂರದಿಂದ ತರುತ್ತಾರೆ. 2024ರ ಅಕ್ಟೋಬರ್‌ನಲ್ಲಿ ಐದನೇ ಹಂತ ಉದ್ಘಾಟನೆಯಾಯಿತು. ದಿನಕ್ಕೆ ಇನ್ನೂ 77.5 ಕೋಟಿ ಲೀಟರ್ ತರುವ ಯೋಜನೆ ಅದು.

ಅಲ್ಲಿಂದ ಕೆಳಗೆ ಮುತ್ತತ್ತಿ, ಭೀಮೇಶ್ವರಿ, ಸಂಗಮದ ಕಡೆಗೆ ಹೊಳೆ ಕಾಡಿನ ಬಂಡೆಗಳ ನಡುವೆ ಹರಿಯುತ್ತದೆ. ಗೂನುಬೆನ್ನಿನ ಮಹಶೀರ್ ಮೀನು ಇಲ್ಲಿಯದು. ಹೊಳೆಯ ಜನ ಮಹಶೀರನ್ನು ಬಿಳಿ ಮೀನು ಅಂತಾರೆ. ಕಿತ್ತಳೆ ಬಣ್ಣದ ರೆಕ್ಕೆ, ದೊಡ್ಡ ಮೈ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಎಂಬುವರು ಕಬಿನಿಯಲ್ಲಿ ಹಿಡಿದ ಮಹಶೀರ್ 120 ಪೌಂಡ್ ತೂಗಿತಂತೆ, ಅಂದರೆ ಸುಮಾರು 54 ಕೆ.ಜಿ.! ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಈ ಮೀನಿಲ್ಲ. 2018ರಲ್ಲಿ ಇದನ್ನು ಅಳಿವಿನ ಅಂಚಿನ ಜೀವಿಗಳ ಅಂತರರಾಷ್ಟ್ರೀಯ ಕೆಂಪು ಪಟ್ಟಿಗೆ, ಅತ್ಯಂತ ಗಂಡಾಂತರದ ವರ್ಗಕ್ಕೆ ಸೇರಿಸಿದರು.

ಹೀಗೇಕಾಯಿತು? ಡೈನಮೈಟ್ ಸಿಡಿಸಿ ಮೀನು ಹಿಡಿದರು, ಮರಳು ತೆಗೆದರು, ಅಣೆಕಟ್ಟು ಕಟ್ಟಿದರು. ಇನ್ನೊಂದು ಕಾರಣ ಕೇಳಿದರೆ ಬೇಜಾರಾಗುತ್ತದೆ. ಮಹಶೀರ್ ಹೆಚ್ಚಲಿ ಎಂಬ ಒಳ್ಳೆಯ ಮನಸ್ಸಿನಿಂದಲೇ 1970ರ ದಶಕದಿಂದ ಮಹಾರಾಷ್ಟ್ರದ ಲೋಣಾವಳದಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ಇಲ್ಲಿಗೆ ಬಿಟ್ಟರು. ಅವು ಹೆಚ್ಚಿದವು, ಇಲ್ಲಿಯದು ಮೂಲೆ ಸೇರಿತು. ಎರಡೂ ಮಹಶೀರೇ ತಾನೆ ಅಂದುಕೊಂಡು ಬಹಳ ವರ್ಷ ಯಾರೂ ಲೆಕ್ಕ ಇಡಲಿಲ್ಲ.

ಈಗ ಮೇಕೆದಾಟು ಯೋಜನೆಯ ಮಾತಿದೆ. ಬೆಂಗಳೂರಿನ ಕುಡಿಯುವ ನೀರಿಗೆ, 400 ಮೆಗಾವ್ಯಾಟ್ ವಿದ್ಯುತ್ತಿಗೆ 67 ಟಿ.ಎಂ.ಸಿ. ಜಲಾಶಯ. ತಮಿಳುನಾಡು ತನ್ನ ರೈತರ ನೀರಿಗಾಗಿ ವಿರೋಧಿಸುತ್ತಿದೆ. ಈ ಜಗಳದಲ್ಲಿ ಮೀನಿನ ಹೆಸರೇ ಬರುವುದಿಲ್ಲ. ಆದರೆ ಮುಳುಗುವುದು ಕಾವೇರಿ ವನ್ಯಧಾಮದ ಕಾಡು, ಮತ್ತು ಈ ಮೀನಿಗೆ ಬೇಕಾದ ಹರಿಯುವ ಹೊಳೆ. 2007ರ ಕಾವೇರಿ ನ್ಯಾಯಮಂಡಳಿ ತೀರ್ಪಿನಲ್ಲಿ ಪರಿಸರಕ್ಕೆಂದು ಇಟ್ಟದ್ದು 740ರಲ್ಲಿ 10 ಟಿ.ಎಂ.ಸಿ. ಮಾತ್ರ.

ಎರಡು ಕೊಡಕ್ಕೆ ಸಾಲು ನಿಲ್ಲುವ ಹೆಂಗಸಿಗೆ ‘ಮೀನಿಗಾಗಿ ನೀರು ಬಿಡು’ ಅನ್ನುವುದು ನ್ಯಾಯವಲ್ಲ. ನಾನಂತೂ ಅನ್ನಲಾರೆ. ಕಾರು ತೊಳೆಯುವ ನೀರು, ಸೋರುವ ಪೈಪಿನ ನೀರು, ಅದರ ಲೆಕ್ಕ ಕೇಳೋಣ. 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ ಅಂದಿತ್ತು.

ಇನ್ನೊಂದು ಮಾತು. ಬನಶಂಕರಿ ಕಡೆಯ ಕೊಳಚೆ ವೃಷಭಾವತಿಗೆ, ಅಲ್ಲಿಂದ ಅರ್ಕಾವತಿಗೆ, ಕೊನೆಗೆ ಸಂಗಮದಲ್ಲಿ ಕಾವೇರಿಗೆ ಸೇರುತ್ತದೆ. ಆ ಮೀನಿನ ಹೊಳೆಗೇ ಅಲ್ವಾ!

ಮುಂದಿನ ಸಭೆಗೆ ಮೊದಲು ನಿಮ್ಮ ಬೀದಿಯಲ್ಲಿ ಸೋರುವ ಪೈಪು, ಮೋರಿಗೆ ಬೀಳುವ ಕೊಳಚೆ ನೋಡಿಕೊಂಡು ಬನ್ನಿ. ಜಲಮಂಡಳಿಯ 1916ಕ್ಕೆ ಫೋನ್ ಮಾಡಿ, ದೂರಿನ ನಂಬರನ್ನು ಸಂಘದ ನಡಾವಳಿ ಪುಸ್ತಕದಲ್ಲಿ ಬರೆಸಿ.